ಲೋವೆಲ್ ಹಿಂದಿನ ಕಾರಿನಲ್ಲಿ ಪೇಟೆಗೆ ಹೋದದ್ದು

ಮಾರ್ಲಿಸ್ ತನ್ನ ಕೆಂಪು ಕಾರನ್ನು ತಮ್ಮನ ಶೆಡ್ಡಿನೊಳಗೆ ತಂದು ನಿಲ್ಲಿಸಿದಾಗ ಲೋವೆಲ್ ಟ್ರ್ಯಾಕ್ಟರಿನ ಕೆಳಗೆ ಅಂಗಾತ ಮಲಗಿದ್ದ. ಟ್ರ್ಯಾಕ್ಟರಿಗೆ ಏನೂ ಆಗಿರಲಿಲ್ಲ. ಆ ವಸಂತದಲ್ಲಿ ಹೊಲವನ್ನೆಲ್ಲ ಪಕ್ಕದವರಿಗೆ ಗೇಣಿಗೆ ಕೊಟ್ಟ ಮೇಲೆ ಅವನಿಗೆ ಹೇಳಿಕೊಳ್ಳುವಂಥ ಕೆಲಸವೇ ಉಳಿದಿರಲಿಲ್ಲ. ಆದರೆ ಅದನ್ನು ಒಪ್ಪಿಕೊಳ್ಳುವ ಜಾಯಮಾನ ಅವನದಲ್ಲ. ಅಂಗಳದಲ್ಲಿ ಯಾವುದಾದರೂ ಗಾಡಿಯ ಸದ್ದು ಕೇಳಿದರೆ ಸಾಕು, ಕೈಗೊಂದು ಸ್ಪ್ಯಾನರ್ ಎತ್ತಿಕೊಂಡು ಹತ್ತಿರದ ಯಂತ್ರದಡಿ ತೂರಿಕೊಳ್ಳುತ್ತಿದ್ದ.

"ಆಚೆ ಬಾರೋ," ಎಂದಳು ಮಾರ್ಲಿಸ್, ಅವನ ಬೂಟನ್ನು ತನ್ನ ಚಪ್ಪಲಿಯಿಂದ ತಟ್ಟಿ. "ನಾಟಕ ಸಾಕು. ನಿಜವಾದ ಕೆಲ್ಸ ತಂದಿದೀನಿ."

ಲೋವೆಲ್ ತೆವಳಿಕೊಂಡು ಬಂದು ಎದ್ದು ನಿಂತ. ಅರವತ್ತು ದಾಟಿದ, ಎಡ ಮಂಡಿ ಸ್ವಲ್ಪ ಕೈಕೊಟ್ಟ, ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಅಪ್ಪನ ಜಮೀನಿನಲ್ಲೇ ಬೆಳೆದು ಅಲ್ಲೇ ನರೆತ ಆಸಾಮಿ. ಅವನ ಹಿಂದೆಯೇ ಗಸ್ ಎಂಬ ದಪ್ಪ ಕಂದು ನಾಯಿಯೂ ಟ್ರ್ಯಾಕ್ಟರಿನಡಿಯಿಂದ ಹೊರಬಂದು ಮೈ ಕೊಡವಿತು.

"ಕಾರಿಗೇನಾಗಿದೆ, ಅಕ್ಕ?"

"ಏನೂ ಆಗಿಲ್ಲ. ಇದನ್ನ ಮನೆ ಹಿಂದೆ ಕಟ್ಕೊಂಡು ಎಳ್ಕೊಂಡು ಹೋಗ್ಬೇಕು."

ಮನೆ ಎಂದರೆ ಮೋಟರ್‌ಹೋಮ್. ಮಾರ್ಲಿಸ್ ಮತ್ತು ಅವಳ ಗಂಡ ಆರ್ಡೆನ್ ಕೆಲಸದಿಂದ ನಿವೃತ್ತರಾದ ಮೇಲೆ ಕೊಂಡ ಹಳೆಯ ಬಸ್ಸಿನಂಥ ಗಾಡಿ. ಒಳಗೆ ಹಾಸಿಗೆ, ಒಲೆ, ಸ್ನಾನದ ಮನೆ ಎಲ್ಲವೂ ಇತ್ತು. ಹಿಂದಿನ ಬೇಸಿಗೆಯಲ್ಲಿ ಇಬ್ಬರೂ ಅದರಲ್ಲಿ ಬ್ಲ್ಯಾಕ್ ಹಿಲ್ಸ್ ಗುಡ್ಡಗಳ ತನಕ ಹೋಗಿ ಬಂದಿದ್ದರು. ಆ ಪ್ರವಾಸದ ಬಗ್ಗೆ ಮಾರ್ಲಿಸ್ ಊರಲ್ಲೆಲ್ಲ ಹೊಗಳಿಕೊಂಡು ಓಡಾಡಿದ್ದಳು. ತಮ್ಮನ ಮುಂದೆ ಮಾತ್ರ ಈಗ ನಿಜ ಹೇಳಿದಳು.

"ಒಂದಿನ ಬೆಳಿಗ್ಗೆ ಕಾಫಿಗೆ ಹಾಲಿರ್ಲಿಲ್ಲ ಕಣೋ. ಹಾಲು ತರೋಕೆ ಏನೇನು ಮಾಡ್ಬೇಕು ಹೇಳು? ನೀರಿನ ಪೈಪು ಬಿಚ್ಚು, ಕರೆಂಟ್ ವೈರು ಸುತ್ತು, ಹೊರಗಿನ ಕುರ್ಚಿ ಒಳಗಿಡು, ನೆರಳಿನ ಬಟ್ಟೆ ಮಡಚು, ಕಪ್ಪು ಬಸಿ ಎಲ್ಲ ಕಪಾಟಿಗೆ ತುಂಬು. ಆಮೇಲೆ ಇಡೀ ಮನೇನೇ ಓಡಿಸ್ಕೊಂಡು ಅಂಗಡಿಗೆ ಹೋಗು. ವಾಪಸ್ ಬರೋಷ್ಟರಲ್ಲಿ ನಮ್ಮ ಜಾಗದಲ್ಲಿ ಬೇರೆ ಯಾರೋ ಬಂದು ಮಾಂಸ ಸುಡ್ತಾ ಕೂತಿದ್ರು."

ಲೋವೆಲ್‌ಗೆ ನಗು ತಡೆಯಲಾಗಲಿಲ್ಲ.

"ನಗು, ನಗು. ಈ ಸಲ ಆರೆಗಾನ್‌ಗೆ ಹೋಗ್ತಿದೀವಿ, ಸಮುದ್ರದ ತನಕ. ಕಾರು ಇಲ್ದೆ ನಾನು ಹೊಸಲು ದಾಟಲ್ಲ ಅಂತ ಆರ್ಡೆನ್‌ಗೆ ಹೇಳಿಬಿಟ್ಟಿದೀನಿ. ನೀನೂ ಬಾ ಅಂದ್ರೆ ಬರಲ್ಲ ಅಂತೀಯ. ಸಮುದ್ರ ನೋಡಿಲ್ಲ ನೀನು."

"ಸಮುದ್ರ ಎಲ್ಲೂ ಓಡಿಹೋಗಲ್ಲ."

"ನೀನೂ ಎಲ್ಲೂ ಹೋಗಲ್ಲ. ಇಬ್ರೂ ಹೀಗೇ ಕೂತಿರಿ."

ಲೋವೆಲ್ ಮಾತು ತಿರುಗಿಸಿ ಕಾರಿನ ಸುತ್ತ ಒಂದು ಸುತ್ತು ಬಂದ. ಕೈಯಿಂದ ಗೇರು ಹಾಕುವ ಹಳೆಯ ಕಾಲದ ಪುಟ್ಟ ಕಾರು. ಕಿಟಕಿ ಇಳಿಸಲು ಹಿಡಿ ತಿರುಗಿಸಬೇಕು. ಇಂಥದ್ದನ್ನು ನ್ಯೂಟ್ರಲ್‌ನಲ್ಲಿಟ್ಟು ನಾಲ್ಕು ಚಕ್ರವನ್ನೂ ನೆಲದ ಮೇಲೇ ಬಿಟ್ಟು ಎಳೆದರೆ ಗೇರುಪೆಟ್ಟಿಗೆಗೆ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅಕ್ಕನ ಗಂಡನ ಜೊತೆ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡುವುದು ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆರ್ಡೆನ್ ಮಿನಿಯಾಪೊಲಿಸ್‌ನವನು. ಜೀವಮಾನವೆಲ್ಲ ಔಷಧದಂಗಡಿಯಲ್ಲಿ ಮಾತ್ರೆ ಎಣಿಸಿ ಕೊಟ್ಟವನು. ಅವನೂ ಲೋವೆಲ್ಲೂ ಇಷ್ಟು ವರ್ಷ ಹಬ್ಬದೂಟದಲ್ಲಿ ಎದುರುಬದುರು ಕೂತು ಉಪ್ಪಿನ ಡಬ್ಬಿ ದಾಟಿಸಿಕೊಂಡದ್ದು ಬಿಟ್ಟರೆ ನಾಲ್ಕು ಮಾತು ನೆಟ್ಟಗೆ ಆಡಿದವರಲ್ಲ. ಜಗಳವೇನಿರಲಿಲ್ಲ, ಬರೀ ಮರ್ಯಾದೆ. ಅದಕ್ಕಿಂತ ಜಗಳವೇ ವಾಸಿ ಎನ್ನುತ್ತಿದ್ದಳು ಮಾರ್ಲಿಸ್.

ಮರುದಿನ ಆರ್ಡೆನ್ ಕಾರನ್ನು ಎಳೆಯುವ ಟೋ ಬಾರ್, ಉಕ್ಕಿನ ಪಟ್ಟಿ, ವೈರು, ಕೇಬಲ್ಲು ಎಲ್ಲ ಹೇರಿಕೊಂಡು ಬಂದ. ಕೈಗೆ ನೀಲಿ ರಬ್ಬರ್ ಗ್ಲೌಸು, ಕಂಕುಳಲ್ಲಿ ಜೋಡಣೆಯ ಪುಸ್ತಕ. ಒಂದು ಸ್ಟೂಲು ಎಳೆದುಕೊಂಡು ಕೂತು ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದ.

"ಭಾವ, ಬಂಪರ್ ಬಿಚ್ಚೋಕೆ ಪುಸ್ತಕ ಬೇಕಾ?"

"ಹತ್ತಿರದ ಕ್ಲಿಪ್ಪನ್ನ ಮೊದಲು ಮೇಲಕ್ಕೆ ಎತ್ತಿ, ಆಮೇಲೆ ಎಳೀಬೇಕು ಅಂತಿದೆ."

ಅಷ್ಟರಲ್ಲಿ ಲೋವೆಲ್ ಎಳೆದಿದ್ದ. ಟಪ್ ಎಂದು ಕ್ಲಿಪ್ಪು ಮುರಿದು ಗಸ್‌ನ ಮೂತಿಯ ಮುಂದೆ ಬಿತ್ತು. ಗಸ್ ಅದನ್ನು ಮೂಸಿ ಬಿಟ್ಟಿತು. ಎರಡನೆಯ ಕ್ಲಿಪ್ಪನ್ನು ಲೋವೆಲ್ ಮೊದಲು ಮೇಲಕ್ಕೆತ್ತಿದ, ಆಮೇಲೆ ಎಳೆದ.

ಬಂಪರ್ ಕಳಚಿದ ಮೇಲೆ ಕಾರು ಹಲ್ಲು ಕೀಳಿಸಿಕೊಂಡವರ ಬಾಯಿಯಂತೆ ಕಾಣುತ್ತಿತ್ತು. ಒಳಗಿನ ಚೌಕಟ್ಟಿಗೆ ತೂತು ಕೊರೆದು ಉಕ್ಕಿನ ಪಟ್ಟಿಯನ್ನು ಬಿಗಿಯಬೇಕು, ಟೋ ಬಾರಿನ ಎರಡು ತೋಳುಗಳೂ ಅದಕ್ಕೇ ಕಚ್ಚಿಕೊಳ್ಳುವುದು. ಲೋವೆಲ್ ಒಂದೊಂದೇ ಬೋಲ್ಟನ್ನು ಬೆವರು ಸುರಿಸಿ ಬಿಗಿದು ಮುಗಿಸಿದ ಮೇಲೆ ಆರ್ಡೆನ್ ಪುಟ ತಿರುವಿ, "ಬೋಲ್ಟಿಗೆ ಮೊದಲು ಅಂಟು ಹಚ್ಚಬೇಕಿತ್ತು" ಎಂದ.

"ಇದನ್ನ ಮುಂಚೇನೇ ಹೇಳ್ಬಾರ್ದಿತ್ತಾ?"

"ಮುಂಚೇನೇ ಓದಿದೆ. ನೀನು ಡ್ರಿಲ್ ಓಡಿಸ್ತಿದ್ದೆ."

ಎಲ್ಲವನ್ನೂ ಬಿಚ್ಚಿ, ಅಂಟು ಹಚ್ಚಿ, ಮತ್ತೆ ಬಿಗಿದರು. ಆದರೆ ವೈರಿನ ಕೆಲಸಕ್ಕೆ ಬಂದಾಗ ಆರ್ಡೆನ್ ಬಾಲ ಮುದುರಿಕೊಂಡ. ಮೋಟರ್‌ಹೋಮ್‌ನ ದೀಪ ಹೊತ್ತಿದಾಗ ಕಾರಿನ ಹಿಂದಿನ ದೀಪವೂ ಹೊತ್ತಬೇಕು, ತಿರುವಿನ ದೀಪವೂ ಮಿಣುಕಬೇಕು. ಆರ್ಡೆನ್ ಜೋಡಿಸಿದ ಮೇಲೆ ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ಬಲಗಡೆ ಮಿಣುಕಿತು. ಅದನ್ನು ಲೋವೆಲ್ ನಗದೆ ಸರಿಮಾಡಿಕೊಟ್ಟ. ನಗದೇ ಇದ್ದದ್ದನ್ನು ಆರ್ಡೆನ್ ಗಮನಿಸಿದ.

ಬ್ಯಾಟರಿಯದು ಲೋವೆಲ್‌ನ ಸ್ವಂತ ಐಡಿಯಾ. ದಾರಿಯುದ್ದಕ್ಕೂ ಸ್ಟೀರಿಂಗ್ ಬಿಗಿಯದಂತೆ ಕೀಲಿ ತಿರುಗಿಸಿಯೇ ಇಡಬೇಕು, ಹಾಗಿಟ್ಟರೆ ಸಂಜೆಯೊಳಗೆ ಬ್ಯಾಟರಿ ಸತ್ತುಹೋಗುತ್ತದೆ. ಅದಕ್ಕೆ ಬಾನೆಟ್ಟಿನ ಕೆಳಗೆ ಒಂದು ಸ್ವಿಚ್ಚು ಕೂರಿಸಿದ. ಅದನ್ನು ತಿರುವಿದರೆ ಬ್ಯಾಟರಿ ಪೂರ್ತಿ ಕಡಿದುಹೋಗುತ್ತದೆ. ಕಾರಿನೊಳಗೆ ಒಂದು ಇರುವೆಗೆ ಬೇಕಾದಷ್ಟು ಕರೆಂಟೂ ಇರುವುದಿಲ್ಲ ಎಂದು ಹೆಮ್ಮೆಯಿಂದ ಹೇಳಿಕೊಂಡ. ಕೊನೆಯದು ಬ್ರೇಕು. ಮೋಟರ್‌ಹೋಮ್ ನಿಂತಾಗ ಹಿಂದಿನ ಕಾರು ಬಂದು ನೂಕಬಾರದಲ್ಲ, ಅದಕ್ಕೆ ಕಾರಿನ ಬ್ರೇಕ್ ಪೆಡಲನ್ನು ಎಳೆಯುವ ಒಂದು ಕೇಬಲ್ಲು. ಪೆಡಲು ಕೆಳಗಿಳಿದಾಗಲೆಲ್ಲ ಮುಂದೆ ಡ್ರೈವರಿನ ಎದುರಿಗೆ ಒಂದು ಪುಟ್ಟ ಕೆಂಪು ದೀಪ ಹೊತ್ತುವಂತೆ ಲೋವೆಲ್ ಮೋಟರ್‌ಹೋಮ್‌ನಿಂದಲೇ ವೈರು ಎಳೆದ.

"ಇದನ್ನ ಕೇಳು," ಎಂದ ಆರ್ಡೆನ್, ಬೆರಳಿಟ್ಟು ಓದುತ್ತ. "ಎಳೆಯುವಾಗ ಕಾರಿನೊಳಗೆ ಯಾವ ಕಾರಣಕ್ಕೂ ಮನುಷ್ಯರಾಗಲಿ ಪ್ರಾಣಿಗಳಾಗಲಿ ಇರಕೂಡದು."

"ಅದನ್ನೂ ಬರೀಬೇಕಾ? ಯಾವ ದಡ್ಡ ಹೋಗಿ ಕೂರ್ತಾನೆ?" ಎಂದ ಲೋವೆಲ್.

ಶನಿವಾರ ಬೆಳಿಗ್ಗೆ ಪರೀಕ್ಷೆಯ ಓಟ. ಮೋಟರ್‌ಹೋಮ್ ಅಂಗಳದಲ್ಲಿ ಕೆನೆಬಣ್ಣದ ಗೋಡೆಯ ಹಾಗೆ ನಿಂತಿತ್ತು, ಅದರ ಬೆನ್ನಿಗೆ ಕೆಂಪು ಕಾರು ಕಚ್ಚಿಕೊಂಡಿತ್ತು. ತೋಳುಗಳ ಪಿನ್ನು ಕೂತಿದೆ, ಸುರಕ್ಷತೆಯ ಸರಪಳಿ ಅಡ್ಡಡ್ಡ ಬಿದ್ದಿದೆ, ಗೇರು ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕು ಬಿಟ್ಟಿದೆ, ಬ್ಯಾಟರಿಯ ಸ್ವಿಚ್ಚು ತಿರುವಿದೆ. ಆರ್ಡೆನ್ ಮುಂದೆ ಸ್ಟೀರಿಂಗ್ ಹಿಡಿದ, ಮಾರ್ಲಿಸ್ ಪಕ್ಕದಲ್ಲಿ ಕೂತಳು. ಲೋವೆಲ್ ಕೆಳಗೆ ನಿಂತು ವಾಕಿಟಾಕಿಯಲ್ಲಿ ಹೇಳುವುದು, ಅವರು ನಿಧಾನವಾಗಿ ಹೊಲದ ಸುತ್ತಿನ ಕಚ್ಚಾರಸ್ತೆಯಲ್ಲಿ ಒಂದು ಸುತ್ತು ಹೋಗಿ ಬರುವುದು ಎಂದು ಮಾತಾಗಿತ್ತು.

ಮೊದಲು ಸ್ವಲ್ಪ ಮುಂದೆಳೆದು ನಿಲ್ಲಿಸಿದರು. ಟೋ ಬಾರಿನ ತೋಳುಗಳು ಚಾಚಿಕೊಂಡು ಖಟ್, ಖಟ್ ಎಂದು ಕಚ್ಚಿಕೊಂಡವು. ಲೋವೆಲ್‌ಗೆ ಆ ಸದ್ದು ಬಹಳ ಹಿಡಿಸಿತು. ಬಾಗಿ ಮತ್ತೊಮ್ಮೆ ನೋಡಿ ಎದ್ದು ನಿಂತರೆ, ತೆರೆದಿದ್ದ ಬಾಗಿಲಿನಿಂದ ಗಸ್ ಕಾರಿನೊಳಗೆ ಹಾರಿ ಡ್ರೈವರ್ ಸೀಟಿನಲ್ಲಿ ದೊಡ್ಡ ಮನುಷ್ಯನ ಹಾಗೆ ಕೂತಿತ್ತು.

"ಏಯ್, ನಡಿ. ನಡಿ ಅಂದ್ನಲ್ಲ, ಹೋಗು!"

ಗಸ್ ಪಕ್ಕದ ಸೀಟಿಗೆ ಸರಿಯಿತು. ಲೋವೆಲ್ ಎರಡೂ ಕೈ ಬಳಸಬೇಕೆಂದು ವಾಕಿಟಾಕಿಯನ್ನು ಕಾರಿನ ತಲೆಯ ಮೇಲಿಟ್ಟು ಒಳಗೆ ನುಗ್ಗಿದ. ನಾಯಿ ಹಿಂದಿನ ಸೀಟಿಗೆ ದಾಟಿತು. ಅವನು ಸೀಟಿನಲ್ಲಿ ಕೂತು, ಹಿಂದಕ್ಕೆ ತಿರುಗಿ, ಅದರ ಕೊರಳಪಟ್ಟಿಗೆ ಕೈ ಹಾಕಿದ. ಆಗ ಕಾರು ಮುಂದಕ್ಕೆ ಹೊರಟಿತು.

ಬಾಗಿಲು ತಾನಾಗಿ ಬಂದು ದಪ್ ಎಂದು ಮುಚ್ಚಿಕೊಂಡಿತು. ಲೋವೆಲ್‌ಗೆ ಏನಾಯಿತೆಂದು ಹೊಳೆಯಲು ಸ್ವಲ್ಪ ಹೊತ್ತೇ ಹಿಡಿಯಿತು. ನಾಯಿಗೆ ನಡಿ, ಹೋಗು ಎಂದಾಗ ಅವನ ಹೆಬ್ಬೆರಳು ವಾಕಿಟಾಕಿಯ ಗುಂಡಿಯ ಮೇಲೇ ಇತ್ತು. ಮುಂದೆ ಕೂತಿದ್ದ ಆರ್ಡೆನ್ ಆ ಮಾತನ್ನು ಕೇಳಿ, ಹೇಳಿದ ಹಾಗೆ ಮಾಡಿದ್ದ.

"ಭಾವ," ಎಂದು ಕೂಗಿದ ಲೋವೆಲ್. "ಭಾವಾ, ನಿಲ್ಸಿ."

ಮುಂದಿನ ಎಂಜಿನ್ನಿನ ಗುಡುಗಿನಲ್ಲಿ ಅವನ ದನಿ ಅವನಿಗೇ ಕೇಳಲಿಲ್ಲ. ಹಾರ್ನ್ ಒತ್ತಿದ. ಕುಂಯ್ ಎನ್ನಲಿಲ್ಲ. ಇರುವೆಗೆ ಬೇಕಾದಷ್ಟು ಕರೆಂಟೂ ಇಲ್ಲದ ಹಾಗೆ ಮಾಡಿದ್ದವನು ತಾನೇ. ಅಂಗಳದ ಗೇಟಿನ ತಿರುವಿನಲ್ಲಿ ವಾಕಿಟಾಕಿ ತಲೆಯ ಮೇಲಿಂದ ಜಾರಿ, ಕಿಟಕಿಯ ಮುಂದೆ ಒಮ್ಮೆ ಮುಖ ತೋರಿಸಿ, ಜಲ್ಲಿಯ ಮೇಲೆ ಬಿದ್ದು ಉರುಳಿತು.

ಮೋಟರ್‌ಹೋಮ್‌ನ ಹಿಂದೆ ಒಂದು ಕ್ಯಾಮೆರಾ ಇತ್ತು. ಆದರೆ ಟೋ ಬಾರ್ ಕಾಣಲೆಂದು ಅದನ್ನು ಲೋವೆಲ್‌ನೇ ಕೆಳಕ್ಕೆ ಬಗ್ಗಿಸಿದ್ದ. ಮುಂದಿನವರಿಗೆ ಕಾಣುವುದು ಕಾರಿನ ಮೂತಿ ಮಾತ್ರ. ಮಾರ್ಲಿಸ್ ಈಗ ಆ ಕೆಂಪು ಮೂತಿಯನ್ನೇ ನೋಡುತ್ತ, ಎಷ್ಟು ಚೆನ್ನಾಗಿ ಬರ್ತಾ ಇದೆ ಎಂದು ಗಂಡನಿಗೆ ಹೇಳುತ್ತಿರುತ್ತಾಳೆ ಎಂದು ಯೋಚಿಸಿ ಲೋವೆಲ್ ಸೀಟಿಗೆ ಒರಗಿದ. ಹೋಗಲಿ, ಹೊಲದ ಸುತ್ತ ಒಂದು ಸುತ್ತು ತಾನೆ.

ಅವನ ಮುಂದೆ ಸ್ಟೀರಿಂಗ್ ತಾನಾಗಿಯೇ ತಿರುಗುತ್ತಿತ್ತು. ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು, ಯಾರೋ ಕಾಣದವರು ಹಿಡಿದಿರುವ ಹಾಗೆ. ಮುಟ್ಟಿದರೆ ಚಕ್ರ ಎದುರು ಬೀಳುತ್ತದೆ ಎಂದು ಗೊತ್ತಿದ್ದರಿಂದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡ. ಅಭ್ಯಾಸಬಲದಿಂದ ಅವು ಮತ್ತೆ ಮತ್ತೆ ಎದ್ದು ಬರುತ್ತಿದ್ದವು. ಕೊನೆಗೆ ಎರಡನ್ನೂ ತೊಡೆಯಡಿಗೆ ತುರುಕಿ ಅದರ ಮೇಲೆ ಕೂತ. ಗಸ್ ಪಕ್ಕದ ಸೀಟಿಗೆ ಬಂದು ತೆರೆದ ಕಿಟಕಿಯಿಂದ ತಲೆ ಹೊರಹಾಕಿ ಕಿವಿ ಹಾರಿಸಿಕೊಂಡು ಕೂತಿತು.

ಹೊಲದ ತುದಿಯಲ್ಲಿ ಬಲಕ್ಕೆ ತಿರುಗಬೇಕಿತ್ತು. ಗಾಡಿ ಎಡಕ್ಕೆ ತಿರುಗುವ ದೀಪ ಮಿಣುಕಿಸಿತು.

"ಬೇಡ ಭಾವ," ಎಂದ ಲೋವೆಲ್. "ಅದು ಪೇಟೆ ದಾರಿ."

ಹೆದ್ದಾರಿ ಸೇರುವಲ್ಲಿ ನಿಲ್ಲುವ ಫಲಕವಿತ್ತು. ಗಾಡಿ ನಿಂತಿತು. ಇದೇ ಸಮಯವೆಂದು ಲೋವೆಲ್ ಬಾಗಿಲು ತೆರೆದು ಒಂದು ಕಾಲು ನೆಲಕ್ಕಿಟ್ಟ. ಅವನ ಹಿಂದೆ ಗಸ್ ಅಷ್ಟೇ ಉತ್ಸಾಹದಿಂದ ಆ ಕಡೆಯ ಕಿಟಕಿಯ ಮೇಲೆ ಎರಡು ಕಾಲಿಟ್ಟು ಹೆದ್ದಾರಿಗೆ ಹಾರಲು ಸಿದ್ಧವಾಯಿತು. ಹಿಟ್ಟಿನ ಲಾರಿಯೊಂದು ಸುಂಯ್ ಎಂದು ಹೋಯಿತು. ಲೋವೆಲ್ ಕಾಲನ್ನು ಒಳಗೆಳೆದುಕೊಂಡು ನಾಯಿಯ ಸೊಂಟ ಹಿಡಿದ. ಅಷ್ಟರಲ್ಲಿ ಮತ್ತೆ ಹೊರಟಿತ್ತು.

ಪೇಟೆ ದೊಡ್ಡದಲ್ಲ. ಒಂದೇ ಬೀದಿ, ಒಂದು ಬ್ಯಾಂಕು, ಧಾನ್ಯದ ಎತ್ತರದ ಗೋಪುರ, ಎರಡು ಚರ್ಚು. ಶನಿವಾರವಾದ್ದರಿಂದ ಊರವರೆಲ್ಲ ಅದೇ ಬೀದಿಯಲ್ಲಿದ್ದರು. ಲೂಥರನ್ ಚರ್ಚಿನ ಮುಂದೆ ಹೆಂಗಸರು ಮೇಜು ಹಾಕಿಕೊಂಡು ರೂಬಾರ್ಬ್ ಎಂಬ ಹುಳಿದಂಟಿನ ಕಡುಬು ಮಾರುತ್ತಿದ್ದರು. ಅವರಲ್ಲಿ ಶಾಲೆಯಲ್ಲಿ ಅವನ ಜೊತೆ ಕಲಿತ ವರ್ನೀಸ್ ಕೂಡ ಇದ್ದಳು. ಮೋಟರ್‌ಹೋಮ್ ದಾಟಿದ್ದನ್ನು ನೋಡಿ ಕೈಬೀಸಿದಳು. ಅದರ ಹಿಂದೆ ಎಳೆದುಕೊಂಡು ಹೋಗುತ್ತಿದ್ದ ಕಾರಿನೊಳಗೆ, ಕೈಯನ್ನು ತೊಡೆಯಡಿ ಇಟ್ಟುಕೊಂಡು ನೆಟ್ಟಗೆ ಕೂತ ಲೋವೆಲ್‌ನನ್ನೂ ಅವನ ನಾಯಿಯನ್ನೂ ಕಂಡು ಬೀಸುತ್ತಿದ್ದ ಕೈಯನ್ನು ಹಾಗೇ ಮೇಲೆ ಬಿಟ್ಟಳು.

"ಎಲ್ಲಿಗೆ ಹೊರಟ್ಯೋ ಲೋವೆಲ್?"

ಕಿಟಕಿ ತೆರೆದೇ ಇತ್ತು, ಗಾಡಿ ನಿಧಾನವಾಗಿಯೇ ಹೋಗುತ್ತಿತ್ತು. ನಿಲ್ಲಿಸಲು ಹೇಳು ಎನ್ನಬಹುದಿತ್ತು. ಆದರೆ ಅಷ್ಟು ಜನರ ಮುಂದೆ ಅವನ ಬಾಯಿಗೆ ಬಂದದ್ದೇ ಬೇರೆ.

"ಸಮುದ್ರ ನೋಡೋಕೆ," ಎಂದ.

ಹೇಳಿದ ಮೇಲೆ ತಾನೇ ಬೆಚ್ಚಿದ. ಹಿಂದೆ ಕಡುಬಿನ ಮೇಜಿನ ಸುತ್ತ ನಗೆ ಎದ್ದದ್ದು ಕೇಳಿಸಿತು. ಕನ್ನಡಿಯಲ್ಲಿ ನೋಡಿದರೆ ವರ್ನೀಸ್ ಇನ್ನೂ ಅವನನ್ನೇ ನೋಡುತ್ತ ಎರಡೂ ಕೈ ಬೀಸುತ್ತಿದ್ದಳು.

ಮುಂದೆ ಡೋರೀನ್‌ಳ ಕಾಫಿ ಅಂಗಡಿ. ಅದರ ಕಿಟಕಿಯ ಮೇಜಿನಲ್ಲಿ ದಿನಾ ಕೂರುವ ಮುದುಕರೆಲ್ಲ ಆವತ್ತೂ ಕೂತಿದ್ದರು. ಅದು ಲೋವೆಲ್ ಕೂಡ ಕೂರುವ ಮೇಜು. ಆ ಊರಿನಲ್ಲಿ ಎದುರಾದವರಿಗೆ ಸ್ಟೀರಿಂಗ್‌ನಿಂದ ತೋರುಬೆರಳೊಂದನ್ನು ಮೇಲೆತ್ತುವುದೇ ನಮಸ್ಕಾರ. ಲೋವೆಲ್ ತೊಡೆಯಡಿಯಿಂದ ಕೈ ತೆಗೆದು, ತಾನಾಗಿ ತಿರುಗುತ್ತಿದ್ದ ಸ್ಟೀರಿಂಗ್‌ನ ಮೇಲೆ, ಅದಕ್ಕೆ ತಾಗದ ಹಾಗೆ, ಒಂದು ಬೆರಳೆತ್ತಿದ. ಕಿಟಕಿಯೊಳಗಿನವರೆಲ್ಲ ಕಾಫಿ ಕಪ್ಪು ಹಿಡಿದ ಕೈಯಲ್ಲೇ ಬೆರಳೆತ್ತಿದರು. ಒಬ್ಬರ ಮುಖದಲ್ಲೂ ಆಶ್ಚರ್ಯದ ಸುಳಿವಿರಲಿಲ್ಲ. ಆಮೇಲೆ ವಾರಗಟ್ಟಲೆ ಅವರು ಬೇರೆ ಮಾತೇ ಆಡಲಿಲ್ಲವಂತೆ.

ಪೇಟೆ ದಾಟಿ ಕೆರೆಯ ದಂಡೆಯ ರಸ್ತೆಗೆ ಬಂದಾಗ ಲೋವೆಲ್‌ಗೆ ಒಂದು ವಿಚಿತ್ರ ಅನುಭವವಾಯಿತು. ಈ ರಸ್ತೆಯಲ್ಲಿ ಅವನು ಓಡಾಡಿದ್ದಕ್ಕೆ ಲೆಕ್ಕವಿಲ್ಲ. ಆದರೆ ಯಾವಾಗಲೂ ಗಾಡಿ ಓಡಿಸುವವನು ಅವನೇ, ಕಣ್ಣು ಯಾವಾಗಲೂ ರಸ್ತೆಯ ಮೇಲೇ. ಕೆರೆಯ ಆಚೆ ದಡದಲ್ಲಿ ಅಷ್ಟೊಂದು ಬಿಳಿ ಹಕ್ಕಿಗಳು ಕೂರುತ್ತವೆ ಎಂದು ಇವತ್ತೇ ಕಂಡಿತು. ನೀರಿನ ಮೇಲೆ ಬಿಸಿಲು ಬಿದ್ದು ಪುಡಿಪುಡಿಯಾಗಿತ್ತು. ಮಾಡಲು ಏನೂ ಇಲ್ಲದೆ, ಮಾಡುತ್ತಿದ್ದೇನೆಂದು ನಟಿಸಬೇಕಾಗಿಯೂ ಇಲ್ಲದೆ, ಅವನು ಸುಮ್ಮನೆ ನೋಡುತ್ತ ಕೂತ. ಚೆನ್ನಾಗಿತ್ತು. ಇಷ್ಟು ಚೆನ್ನಾಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಅಕ್ಕ ಹೇಳಿದ್ದಳೇನೋ, ಅವನು ಕಿವಿಗೊಟ್ಟಿರಲಿಲ್ಲ.

ಆದರೂ ಎಲ್ಲಿಯವರೆಗೆ? ಆರ್ಡೆನ್‌ಗೆ ಉತ್ಸಾಹ ಬಂದರೆ ಡಕೋಟಾ ಗಡಿಯವರೆಗೂ ಹೋದಾನು. ಆಗ ಲೋವೆಲ್‌ಗೆ ಕೆಂಪು ದೀಪದ ನೆನಪಾಯಿತು. ಬ್ರೇಕ್ ಪೆಡಲನ್ನು ಮೆಲ್ಲಗೆ ತಟ್ಟಿದ. ಜೋರಾಗಿ ಒತ್ತಿದರೆ ಟೈರು ಸುಡುತ್ತದೆ, ಸುಮ್ಮನೆ ಮುಟ್ಟಿದರೆ ಸಾಕು. ಒಮ್ಮೆ ತಟ್ಟಿದರೆ ವೈರು ಸಡಿಲವಾಗಿದೆ ಎಂದುಕೊಂಡಾರು. ಅವನು ಚಿಕ್ಕಂದಿನಲ್ಲಿ ಒಂದೇ ಸ್ನಾನದ ಮನೆಯಿದ್ದ ಮನೆಯಲ್ಲಿ ಮಾರ್ಲಿಸ್ ಒಳಗೆ ಸೇರಿಕೊಂಡು ಹೊರಗೆ ಬಾರದಿದ್ದಾಗ ಬಾಗಿಲು ಬಡಿಯುತ್ತಿದ್ದ ಹಾಗೆ ತಟ್ಟಿದ. ಟಂ, ಟಟಟ, ಟಂ ಟಂ. ಸ್ವಲ್ಪ ಬಿಟ್ಟು ಮತ್ತೆ. ಟಂ, ಟಟಟ, ಟಂ ಟಂ.

ಕೆರೆಯ ಪಕ್ಕದ ದೋಣಿ ಇಳಿಸುವ ಜಾಗದಲ್ಲಿ ಗಾಡಿ ಓರೆಯಾಗಿ ತಿರುಗಿ ನಿಂತಿತು. ಮುಂದಿನ ಬಾಗಿಲು ತೆರೆದುಕೊಂಡಿತು. ಮಾರ್ಲಿಸ್ ಓಡಿಬಂದವಳು ಕಾರಿನ ಮುಂದೆ ನಿಂತು ಬಿಟ್ಟ ಬಾಯಿ ಮುಚ್ಚಲಿಲ್ಲ.

"ನಾನು ಹೇಳ್ದೆ," ಎಂದಳು, ಹಿಂದೆ ಬಂದ ಗಂಡನ ಕಡೆ ತಿರುಗದೆಯೇ. "ದೀಪ ಕೆಟ್ಟಿಲ್ಲ, ಯಾರೋ ಬಾತ್‌ರೂಮ್ ಬಾಗಿಲು ಬಡೀತಿದಾರೆ ಅಂತ ಹೇಳ್ಲಿಲ್ವಾ?"

ಆರ್ಡೆನ್‌ನ ಮುಖ ಸುಣ್ಣ ಬಳಿದ ಹಾಗಾಗಿತ್ತು. "ಲೋವೆಲ್, ನೀನೇ ಹೋಗು ಅಂದೆ. ನನ್ನ ಕಿವೀಲೇ ಕೇಳಿದೆ. ನಡಿ, ಹೋಗು ಅಂದೆ."

"ಗಸ್‌ಗೆ ಅಂದೆ, ಭಾವ."

ತನ್ನ ಹೆಸರು ಕೇಳಿ ಗಸ್ ಬಾಲ ಅಲ್ಲಾಡಿಸಿತು. ಮಾರ್ಲಿಸ್ ಮೋಟರ್‌ಹೋಮ್‌ನ ಹಿಂದಿನ ಬಂಪರ್ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಲೋವೆಲ್‌ಗೂ ನಗು ಬಂತು. ಆರ್ಡೆನ್ ಮಾತ್ರ ನಗಲಿಲ್ಲ.

"ನಾನು ಏನಾದ್ರೂ ಜೋರಾಗಿ ಬ್ರೇಕ್ ಹಾಕಿದ್ದಿದ್ರೆ? ಹಿಂದಕ್ಕೆ ತಗೊಂಡಿದ್ದಿದ್ರೆ? ಹಿಂದೆ ಏನಿದೆ ಅಂತ್ಲೇ ಗೊತ್ತಿಲ್ದೆ..."

"ಆಗ್ಲಿಲ್ಲವಲ್ಲ. ಏನು ಮೆತ್ತಗೆ ಓಡಿಸ್ತೀರಿ ಭಾವ ನೀವು. ನಿಜ ಹೇಳ್ಬೇಕಂದ್ರೆ ನಾನು ಇಷ್ಟು ಸುಖವಾಗಿ ಈ ರಸ್ತೇಲಿ ಯಾವತ್ತೂ ಬಂದಿಲ್ಲ."

ಅದು ಸಮಾಧಾನಕ್ಕೆ ಹೇಳಿದ ಮಾತಲ್ಲ ಎಂದು ಆರ್ಡೆನ್‌ಗೆ ಅವನ ಮುಖ ನೋಡಿಯೇ ತಿಳಿಯಿತು. ಉಸಿರು ಬಿಟ್ಟು ದೋಣಿಕಟ್ಟೆಯ ಮೇಲೆ ಕೂತ.

ಕಾರನ್ನು ಬಿಚ್ಚಿಕೊಂಡು ಬೇರೆಯಾಗಿ ಮನೆಗೆ ಹೋಗುವುದೆಂದಾಯಿತು. ಕಾರು ಕಟ್ಟಿಕೊಂಡು ಹಿಂದಕ್ಕೆ ಹೋಗಲಂತೂ ಬರುವುದಿಲ್ಲ, ಆ ಜಾಗದಲ್ಲಿ ತಿರುಗಿಸುವಷ್ಟು ಅಗಲವೂ ಇರಲಿಲ್ಲ. ಆದರೆ ಓರೆಯಾಗಿ ನಿಲ್ಲಿಸಿದ್ದರಿಂದ ತೋಳುಗಳು ಬಿಗಿದುಕೊಂಡು ಪಿನ್ನು ಬರಲೊಲ್ಲದು. ಲೋವೆಲ್ ಸುತ್ತಿಗೆ ಹುಡುಕುವಷ್ಟರಲ್ಲಿ ಆರ್ಡೆನ್, "ಹೊಡೀಬೇಡ. ಕಾರನ್ನ ಸ್ವಲ್ಪ ಮುಂದಕ್ಕೆ ನೂಕಿದ್ರೆ ಸಡಿಲ ಆಗುತ್ತೆ" ಎಂದ. ಮೂವರೂ ಹಿಂದೆ ನಿಂತು ನೂಕಿದರು. ಮಂಡಿ ನೋಯುತ್ತದೆಂದು ಲೋವೆಲ್ ಬೆನ್ನು ಕೊಟ್ಟು ನೂಕಿದ. ಮೀನು ಹಿಡಿಯುತ್ತಿದ್ದವನೊಬ್ಬ ಗಾಳ ಬಿಟ್ಟು ಬಂದು ತಾನೂ ಕೈ ಹಾಕಿದ, ಯಾಕೆ ಏನು ಎಂದು ಕೇಳಲಿಲ್ಲ. ಕಾರು ಅಂಗುಲದಷ್ಟು ಸರಿಯಿತು, ಪಿನ್ನು ಜಾರಿ ಆರ್ಡೆನ್‌ನ ಅಂಗೈಗೆ ಬಂತು.

ವಾಪಸ್ ಬರುವಾಗ ಮಾರ್ಲಿಸ್ ಮೋಟರ್‌ಹೋಮ್ ಓಡಿಸುತ್ತೇನೆಂದು ಹಟ ಹಿಡಿದಳು. ಹಾಗಾಗಿ ಆರ್ಡೆನ್ ಮತ್ತು ಲೋವೆಲ್ ಕೆಂಪು ಕಾರಿನಲ್ಲಿ ಹಿಂದೆ ಬಂದರು, ನಾಯಿ ಇಬ್ಬರ ಭುಜದ ನಡುವೆ ಮೂತಿ ತೂರಿಸಿತ್ತು. ಧಾನ್ಯದ ಗೋಪುರ ಕಂಡ ಮೇಲೆ ಆರ್ಡೆನ್ ಬಾಯಿಬಿಟ್ಟ.

"ನನಗೆ ಭಯ ಕಣೋ, ಲೋವೆಲ್."

"ಏನಕ್ಕೆ?"

"ಆ ಗಾಡಿ ಓಡಿಸೋಕೆ. ಹೋದ ವರ್ಷಾನೂ ಭಯಾನೇ. ಈಗ ಹಿಂದೆ ಇನ್ನೊಂದು ಬೇರೆ. ಗುಡ್ಡ ಬೆಟ್ಟ ಎಲ್ಲ ದಾಟಬೇಕು. ನಿಮ್ಮಕ್ಕನಿಗೆ ಹೇಳಿಲ್ಲ. ಇವತ್ತು ಪೇಟೆ ಕಡೆ ತಿರುಗಿಸು ಅಂದಿದ್ದೂ ಅವಳೇ. ಅವಳು ಸಮುದ್ರ ಸಮುದ್ರ ಅಂತ ಅಷ್ಟು ಖುಷೀಲಿದಾಳೆ. ಅದಕ್ಕೇ ಆ ಪುಸ್ತಕಾನ ಅಷ್ಟು ಓದೋದು ನಾನು. ಓದ್ತಾ ಇದ್ರೆ ಸ್ವಲ್ಪ ಧೈರ್ಯ ಬರುತ್ತೆ."

ಲೋವೆಲ್ ಗೇರು ಬದಲಿಸಿದ. ಇಷ್ಟು ವರ್ಷ ಇವನನ್ನು ಜಂಬದವನು ಅಂದುಕೊಂಡಿದ್ದೆನಲ್ಲ ಎಂದು ಒಳಗೊಳಗೇ ಚುಚ್ಚಿತು.

"ನನಗೆ ಕೆಲಸ ಇಲ್ಲ, ಭಾವ," ಎಂದ ಕೊನೆಗೆ.

"ಅಂದ್ರೆ?"

"ಹುಲ್ಲು ಕೊಯ್ಬೇಕು, ಕೋಳಿ ನೋಡ್ಬೇಕು ಅಂತ ಅಕ್ಕನಿಗೆ ಹೇಳ್ತಿದ್ನಲ್ಲ, ಅದೆಲ್ಲ ಸುಳ್ಳು. ಹುಲ್ಲು ಪಕ್ಕದವರು ಕೊಯ್ತಾರೆ. ಕೋಳಿ ಇರೋದು ಮೂರು ಮತ್ತೊಂದು. ಗೊತ್ತಿಲ್ದಿರೋ ಜಾಗದಲ್ಲಿ ಕೈ ಕಟ್ಕೊಂಡು ಹೇಗೆ ಕೂರೋದು ಅಂತ ನನಗೆ ಗೊತ್ತಿರ್ಲಿಲ್ಲ, ಅಷ್ಟೇ." ನಾಯಿಯ ಮೂತಿಯನ್ನು ಹಿಂದಕ್ಕೆ ತಳ್ಳಿ, "ಗುಡ್ಡದ ದಾರಿ ನಾನು ಓಡಿಸ್ತೀನಿ. ಬಯಲು ನೀವು ಓಡಿಸಿ" ಎಂದ.

ಆರ್ಡೆನ್ ಅವನ ಕಡೆ ತಿರುಗಿ ನೋಡಿದ. "ಒಂದೇ ಒಂದು ಷರತ್ತು. ಈ ನೀವು ತಾವು ಬಿಡು. ಜೊತೇಲಿ ಒಂದೇ ಬಾತ್‌ರೂಮ್ ಹಂಚ್ಕೋಬೇಕು ನಾವು."

"ಆಯ್ತು ಬಿಡು, ಭಾವ," ಎಂದ ಲೋವೆಲ್. ನಾಲಿಗೆಗೆ ಅದು ಇನ್ನೂ ಒಗ್ಗದೆ ಸ್ವಲ್ಪ ತಡವರಿಸಿತು.

ಚರ್ಚಿನ ಮುಂದೆ ಬಂದಾಗ ಲೋವೆಲ್ ಕಾರು ನಿಲ್ಲಿಸಿ ಇಳಿದ. ವರ್ನೀಸ್ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಸಮುದ್ರ ಇಷ್ಟು ಬೇಗ ನೋಡಿಯಾಯ್ತಾ?"

"ಇಲ್ಲ, ಕಡುಬು ಮರ್ತಿದ್ದೆ," ಎಂದ ಲೋವೆಲ್. "ಮುಂದಿನ ವಾರ ಹೊರಡೋದು. ಕೋಳಿಗಳನ್ನ ಸ್ವಲ್ಪ ನೋಡ್ಕೊಂಡಿರ್ತೀಯಾ?"

ಅವಳು ನೋಡಿಕೊಳ್ಳುತ್ತೇನೆ ಎಂದಳು, ಮೊಟ್ಟೆ ಮಾತ್ರ ತನಗೆ ಎಂದಳು. ಆಮೇಲೆ ಕೇಳದೆಯೇ ಇನ್ನೊಂದು ಕಡುಬನ್ನು ಕಾಗದದಲ್ಲಿ ಸುತ್ತಿ ಅವನ ಕೈಗಿಟ್ಟಳು.

ಹೊರಟ ದಿನ ಮಾರ್ಲಿಸ್ ಕಾರಿನ ಎಲ್ಲ ಬಾಗಿಲನ್ನೂ ತಾನೇ ತೆರೆದು, ಸೀಟಿನಡಿ ಬಗ್ಗಿ ನೋಡಿ, ಡಿಕ್ಕಿಯನ್ನೂ ಎತ್ತಿ ನೋಡಿ, ಬೀಗ ಹಾಕಿದಳು. ಲೋವೆಲ್ ಮೋಟರ್‌ಹೋಮ್‌ನ ಕಿಟಕಿಯಲ್ಲಿ ನಾಯಿಯ ಪಕ್ಕ ಕೂತಿರುವುದನ್ನು ಕಣ್ಣಾರೆ ಕಂಡ ಮೇಲೆಯೇ ಗಂಡನಿಗೆ ಹೊರಡು ಎಂದಳು. ಸಂಜೆಯ ಹೊತ್ತಿಗೆ ಉತ್ತರ ಡಕೋಟಾದ ಬಯಲು ಮುಗಿಯದ ಹಾಗೆ ಬಿದ್ದುಕೊಂಡಿತ್ತು. ಆರ್ಡೆನ್ ಒಂದು ಪೆಟ್ರೋಲ್ ಬಂಕಿನಲ್ಲಿ ಸ್ಟೀರಿಂಗ್ ಬಿಟ್ಟುಕೊಟ್ಟು ಹಿಂದೆ ಹೋಗಿ ಮಲಗಿದವನು ಮುಂದಿನ ಊರು ಬರುವ ಮೊದಲೇ ಗೊರಕೆ ಹೊಡೆಯತೊಡಗಿದ. ಲೋವೆಲ್ ಸೀಟನ್ನು ಮುಂದಕ್ಕೆಳೆದುಕೊಂಡು ಕೂತ. ಮಾರ್ಲಿಸ್ ಅವನಿಗೆ ಸ್ಯಾಂಡ್‌ವಿಚ್ ಬಿಚ್ಚಿ ಕೊಟ್ಟಳು.

"ಅದೇನದು ಮುಂದೆ?" ಎಂದ ಅವನು, ದೂರದಲ್ಲಿ ನೆಲ ಮೊದಲ ಸಲ ಮೇಲೆದ್ದದ್ದನ್ನು ತೋರಿಸಿ.

"ಗುಡ್ಡ ಕಣೋ."

"ಅಷ್ಟು ಬೇಗ ಬಂತಾ," ಎಂದು ಲೋವೆಲ್ ಸ್ಯಾಂಡ್‌ವಿಚ್ ಕಚ್ಚಿ, ಒಂದು ಗೇರು ಇಳಿಸಿದ.